ಸೋಲನ್ನೂ ತಮ್ಮ ನುಡಿಯಲ್ಲೇ ಹಾಡಿದವರು

(ಕಾಲೇಜು ಹುಡುಗ ಹುಡುಗಿಯರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಹಾರ ತುರಾಯಿ ಇಲ್ಲದ, ಸ್ವಾಗತ ಭಾಷಣವೇ ಅರ್ಧ ಗಂಟೆ ನುಂಗದ ಇಂಥ ಸಭೆ ನನಗೆ ಇಷ್ಟ. ನಿಮ್ಮ ಹುಡುಗರು ನನ್ನನ್ನು ಕರೆಯೋಕೆ ಬಂದಾಗ "ಯಾವ ವಿಷಯ ಮಾತಾಡಲಿ?" ಅಂತ ಕೇಳಿದೆ. "ನಾವು ಕೇಳೋ ಹಾಡಿನ ಬಗ್ಗೆ ಮಾತಾಡಿ ಸಾರ್. ವರದಿ, ಆಯೋಗ, ನಿರ್ಣಯ ಎಲ್ಲ ಕೇಳಿ ಸಾಕಾಗಿದೆ" ಅಂದರು. ಬಿಸಿರಕ್ತ ಹಾಗೆ ಹೇಳಿದರೆ ಬೇಜಾರು ಮಾಡಿಕೊಳ್ಳಬಾರದು. ಒಪ್ಪಿಕೊಂಡೆ.

ಹೆವಿ ಮೆಟಲ್ ಅಂದರೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹಳ. "ಅದೇನು ಹಾಡೋ, ಕಿರುಚಾಟವೋ?" ಅಂತಾರೆ. ನಾನು ಆ ಗುಂಪಿನವನಲ್ಲ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಆ ಧೂಳಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ಅವರ 'ದ ಟ್ರೂಪರ್' ಹಾಡು ನಿಮಗೆಲ್ಲ ಬಾಯಿಪಾಠ. ಆದರೆ ಅದು 1854ರಲ್ಲಿ ಬಾಲಾಕ್ಲಾವಾದಲ್ಲಿ ಬ್ರಿಟಿಷ್ ಕುದುರೆ ಸವಾರರು ಫಿರಂಗಿಗಳ ಬಾಯಿಗೆ ನುಗ್ಗಿ ಸತ್ತ ಕತೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡೋಣ. ನೋಡಿ, ಆರೇ ಆರು ಕೈ.

ಇವತ್ತು ನಾನು ಮಾತಾಡೋಕೆ ಆರಿಸಿಕೊಂಡಿರುವುದು ಬೇರೆ ತಂಡದ ಒಂದು ಆಲ್ಬಮ್. ಸ್ವೀಡನ್ನಿನ ಸಬಾಟನ್ ತಂಡದ 'ಕ್ಯಾರೊಲಸ್ ರೆಕ್ಸ್'. 2012ರಲ್ಲಿ ಬಂದದ್ದು. ಇಲ್ಲಿಗೆ ಬರುವ ಮುಂಚೆ ಒಂದು ಕೆಲಸ ಮಾಡಿದೆ. ಈ ಆಲ್ಬಮ್ ಕೇಳಿದವರನ್ನು ಹುಡುಕಿ, ಚಹಾ ಕುಡಿಸಿ, "ನಿನಗೆ ಏನನ್ನಿಸಿತು?" ಅಂತ ಕೇಳಿದೆ. ಅವರು ಹೇಳಿದ್ದನ್ನು ಮುಂದಿಟ್ಟುಕೊಂಡೇ ಮಾತಾಡ್ತೀನಿ. ಹಾಡು ಮಾಡಿದವರ ಮಾತಿಗಿಂತ ಕೇಳಿದವರ ಮಾತಿನಲ್ಲಿ ಕೆಲವು ಸಲ ಹೆಚ್ಚು ಸತ್ಯ ಇರುತ್ತೆ.

ಮೊದಲು ಹಿನ್ನೆಲೆ. ಸಬಾಟನ್ ಅಂದರೆ ಹಳೆಯ ಕಾಲದ ಯೋಧರು ಪಾದಕ್ಕೆ ತೊಡುತ್ತಿದ್ದ ಉಕ್ಕಿನ ಕವಚ. ತಂಡ ಹುಟ್ಟಿದ್ದು 1999ರಲ್ಲಿ, ಫಾಲುನ್ ಅನ್ನುವ ಊರಿನಲ್ಲಿ. ನಮ್ಮ ಕೋಲಾರಕ್ಕೆ ಚಿನ್ನದ ಗಣಿ ಇದ್ದ ಹಾಗೆ ಆ ಊರಿಗೆ ತಾಮ್ರದ ಗಣಿ. ಹದಿನೇಳನೇ ಶತಮಾನದಲ್ಲಿ ಸ್ವೀಡನ್ ರಾಜರು ಮಾಡಿದ ಯುದ್ಧಗಳಿಗೆ ದುಡ್ಡು ಒದಗಿಸಿದ್ದರಲ್ಲಿ ಈ ಗಣಿಯ ತಾಮ್ರದ ಪಾಲು ದೊಡ್ಡದು. ಅಂದರೆ ಯಾವ ಮಣ್ಣಿನ ತಾಮ್ರ ಫಿರಂಗಿಗೆ ಹಣವಾಯಿತೋ ಅದೇ ಮಣ್ಣಿನ ಹುಡುಗರು ಮುನ್ನೂರು ನಾನೂರು ವರ್ಷದ ಮೇಲೆ ಗಿಟಾರ್ ಹಿಡಿದು ಆ ಯುದ್ಧಗಳ ಲೆಕ್ಕ ಒಪ್ಪಿಸಿದರು.

ಆಲ್ಬಮಿನ ಕತೆ ಸ್ವೀಡನ್ ಸಾಮ್ರಾಜ್ಯದ ಏಳು ಬೀಳು. ಫಿನ್‌ಲ್ಯಾಂಡನ್ನೂ ಸೇರಿಸಿ ಆಗ ಆ ದೇಶದ ಜನಸಂಖ್ಯೆ ಹನ್ನೆರಡು ಲಕ್ಷದ ಆಸುಪಾಸು. ಇವತ್ತಿನ ಬೆಂಗಳೂರಿನ ಒಂದು ಮೂಲೆಯಲ್ಲಿ ಹಿಡಿಸುವಷ್ಟು ಜನ. ಅಷ್ಟೇ ಜನ ಕಟ್ಟಿಕೊಂಡು ಗುಸ್ತಾವಸ್ ಅಡಾಲ್ಫಸ್ ಅನ್ನುವ ರಾಜ 1630ರಲ್ಲಿ ಜರ್ಮನಿಗೆ ಇಳಿದ. 1631ರಲ್ಲಿ ಬ್ರೈಟೆನ್‌ಫೆಲ್ಡ್ ಗೆದ್ದ, 1632ರಲ್ಲಿ ಲ್ಯುಟ್ಸೆನ್ ರಣರಂಗದಲ್ಲಿ ಸತ್ತ. ಮೂವತ್ತು ವರ್ಷದ ಆ ಯುದ್ಧ ಮುಗಿದದ್ದು 1648ರಲ್ಲಿ. ಆಮೇಲೆ ಬಂದವನು ಹನ್ನೆರಡನೇ ಚಾರ್ಲ್ಸ್. 1697ರಲ್ಲಿ, ನಿಮ್ಮಲ್ಲಿ ಕೆಲವರು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸಿನಲ್ಲಿ, ರಾಜನಾದ. ಆಲ್ಬಮಿನ ಹೆಸರು ಅವನದೇ. ರಷ್ಯಾದ ಮೇಲೆ ದಂಡೆತ್ತಿ ಹೋಗಿ 1709ರಲ್ಲಿ ಪೋಲ್ಟಾವಾದಲ್ಲಿ ಎಲ್ಲ ಕಳೆದುಕೊಂಡ. 1718ರಲ್ಲಿ ನಾರ್ವೆಯ ಕೋಟೆಯೊಂದಕ್ಕೆ ಮುತ್ತಿಗೆ ಹಾಕಿದಾಗ ತಲೆಗೆ ಗುಂಡು ಬಿದ್ದು ಸತ್ತ. 1721ರ ಒಪ್ಪಂದದೊಂದಿಗೆ ಸಾಮ್ರಾಜ್ಯವೂ ಮುಗಿಯಿತು.

ಈಗ ಕೇಳುಗರ ಮಾತಿಗೆ ಬರೋಣ.

ಮೊದಲನೇ ಗುಂಪು ಹೇಳಿದ್ದು: "ಸಾರ್, ಇದು ನಮಗೆ ಇತಿಹಾಸ ಕಲಿಸಿತು." ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ, ಸಮಾಜ ವಿಜ್ಞಾನದಲ್ಲಿ ಹೇಗೋ ಪಾಸಾದವನು, 'ಪೋಲ್ಟಾವಾ' ಹಾಡು ಕೇಳಿ ಭೂಪಟ ತೆಗೆದು ನೋಡಿದನಂತೆ. ಪೋಲ್ಟಾವಾ ಇರುವುದು ಇವತ್ತಿನ ಉಕ್ರೇನಿನಲ್ಲಿ. 2024ರ ಸೆಪ್ಟೆಂಬರಿನಲ್ಲಿ ಅದೇ ಊರಿನ ಮೇಲೆ ರಷ್ಯಾದ ಕ್ಷಿಪಣಿ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತಾಗ, ಅವನಿಗೆ ಅದು ಬರೀ ಸುದ್ದಿಯಾಗಿ ಕಾಣಲಿಲ್ಲ. "ಮುನ್ನೂರು ವರ್ಷ ಆದರೂ ಆ ಊರಿಗೆ ನೆಮ್ಮದಿ ಇಲ್ವಲ್ಲ ಸಾರ್" ಅಂದ. ಒಂದು ಹಾಡು ಇಷ್ಟು ಮಾಡಿದರೆ ಅದನ್ನು ಕಿರುಚಾಟ ಅನ್ನೋಕೆ ನನಗೆ ಮನಸ್ಸು ಬರಲ್ಲ. ತಂಡದವರೂ ಮನಬಂದಂತೆ ಬರೆದಿಲ್ಲ. ಚಾರ್ಲ್ಸ್ ರಾಜನ ಜೀವನ ಚರಿತ್ರೆ ಬರೆದ ಬೆಂಗ್ಟ್ ಲಿಲ್ಯೆಗ್ರೆನ್ ಅನ್ನುವ ಇತಿಹಾಸಕಾರರ ನೆರವು ಪಡೆದರು. 2019ರಿಂದ ಹಾಡುಗಳ ಹಿಂದಿನ ಇತಿಹಾಸ ಹೇಳುವ ವಿಡಿಯೋ ಸರಣಿಯನ್ನೇ ಶುರುಮಾಡಿದರು.

ಎರಡನೇ ಗುಂಪು ಹಳೆ ಹುಲಿಗಳದ್ದು. ಕ್ಯಾಸೆಟ್ ಕಾಲದಿಂದ ಮೆಟಲ್ ಕೇಳಿದವರು. ಅವರಿಗೆ ಇದು ಅಷ್ಟಕ್ಕಷ್ಟೆ. "ಎಲ್ಲ ಹಾಡೂ ಒಂದೇ ಅಚ್ಚಿನವು. ಕೀಬೋರ್ಡು, ದೊಡ್ಡ ಗುಂಪುಗಾನ, ಕವಾಯತು ಮಾಡಿದ ಹಾಗೆ ತಾಳ. ಮೆಟಲ್ಲಿಗೆ ಸಕ್ಕರೆ ಪಾಕ ಹಾಕಿದ್ದಾರೆ" ಅಂತ ಒಬ್ಬರು ಜಾಡಿಸಿದರು. ಇದರಲ್ಲೂ ನಿಜ ಇದೆ. ಸಬಾಟನ್ ತಂಡದ ಅಚ್ಚು ಗೊತ್ತಾದ ಮೇಲೆ ಮುಂದಿನ ಸಾಲು ಎಲ್ಲಿ ಏರುತ್ತೆ ಅಂತ ಮೊದಲೇ ಹೇಳಬಹುದು. ಆದರೂ ಈ ಆಲ್ಬಮನ್ನು ಅವರ ಮಿಕ್ಕ ಆಲ್ಬಮುಗಳಿಗಿಂತ ಮೇಲೆ ಇಡುವವರು ಆ ಹಳೆ ಹುಲಿಗಳಲ್ಲೇ ಇದ್ದಾರೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ. ಬೇರೆ ಆಲ್ಬಮುಗಳಲ್ಲಿ ಒಂದು ಹಾಡು ಪೋಲೆಂಡು, ಇನ್ನೊಂದು ಗ್ರೀಸು, ಮತ್ತೊಂದು ಬ್ರೆಜಿಲ್ಲು. ಇಲ್ಲಿ ಮಾತ್ರ ಮೊದಲಿಂದ ಕೊನೆವರೆಗೆ ಒಂದೇ ಕತೆ, ಅದೂ ತಮ್ಮ ಮನೆಯದು. ಅಕ್ಕಪಕ್ಕದವರ ಮನೆ ಜಗಳ ಹೇಳುವಾಗ ಬಾರದ ದನಿ ತಮ್ಮ ಮನೆಯ ಕತೆ ಹೇಳುವಾಗ ಬಂದಿದೆ.

ಮೂರನೇ ಗುಂಪಿನ ಮಾತು ಕಟುವಾದದ್ದು. ಇದನ್ನು ಹೇಳಿದ್ದು ಒಬ್ಬ ಹೆಣ್ಣುಮಗಳು, ಇತಿಹಾಸ ಎಂ.ಎ. ಓದುತ್ತಾ ಇರುವವಳು. "ಸಾರ್, ಸತ್ತವರ ಹೆಣದ ಮೇಲೆ ನಿಂತು ಮುಷ್ಟಿ ಎತ್ತಿ ಹಾಡೋದು ನನಗೆ ಹಿಡಿಸಲ್ಲ" ಅಂದಳು. ಆಲ್ಬಮಿನಲ್ಲಿ 1706ರ ಫ್ರಾವ್‌ಸ್ಟಾಟ್ ಕದನದ ಮೇಲೆ ಒಂದು ಹಾಡಿದೆ. ಸ್ವೀಡನ್ ಸೇನೆಗೆ ದೊಡ್ಡ ಗೆಲುವು. ಕದನ ಮುಗಿದ ಮೇಲೆ ಸೆರೆಸಿಕ್ಕಿದ ರಷ್ಯನ್ ಸೈನಿಕರನ್ನು ಕೊಂದುಹಾಕಿದ್ದೂ ಇತಿಹಾಸದಲ್ಲಿ ದಾಖಲಾಗಿದೆ. ಮೈದಾನದಲ್ಲಿ ಸಾವಿರಾರು ಹುಡುಗರು ಕುಣಿಯುತ್ತಾ ಆ ಹಾಡು ಹಾಡುವಾಗ ಆ ಸೆರೆಯಾಳುಗಳು ಯಾರಿಗೆ ನೆನಪಾಗ್ತಾರೆ? ಇದು ಅವಳ ಪ್ರಶ್ನೆ. ಜರ್ಮನಿಯ ಎಷ್ಟೋ ಸೀಮೆಗಳಲ್ಲಿ ಮೂವತ್ತು ವರ್ಷದ ಯುದ್ಧದಲ್ಲಿ ಅರ್ಧಕ್ಕರ್ಧ ಜನ ಅಳಿದುಹೋದರು. ಕತ್ತಿಗಿಂತ ಹಸಿವು, ಪ್ಲೇಗು ಹೆಚ್ಚು ಕೊಂದವು. ಸ್ವೀಡನ್ನಿನ ಸಿಪಾಯಿಗಳು ರೈತರ ಬಾಯಿಗೆ ಕೊಳಚೆ ನೀರು ಸುರಿದು ಚಿತ್ರಹಿಂಸೆ ಕೊಡುತ್ತಿದ್ದರು ಅನ್ನುವ ನೆನಪು ಜರ್ಮನ್ ಭಾಷೆಯಲ್ಲಿ 'ಸ್ವೀಡಿಷ್ ಪಾನಕ' ಅನ್ನುವ ಅರ್ಥದ ಒಂದು ಪದವಾಗಿ ಉಳಿದುಬಿಟ್ಟಿದೆ. ಒಬ್ಬರ ವೀರಗಾಥೆ ಇನ್ನೊಬ್ಬರ ನುಡಿಯಲ್ಲಿ ಬೈಗುಳವಾಗಿ ಉಳಿದಿರುತ್ತೆ, ಗೆಳೆಯರೇ. ಇದನ್ನು ಮರೆಯಬೇಡಿ.

ಅಷ್ಟೇ ಅಲ್ಲ. ಈ ಹನ್ನೆರಡನೇ ಚಾರ್ಲ್ಸ್ ಸತ್ತದ್ದು ನವೆಂಬರ್ 30ರಂದು. 1990ರ ದಶಕದ ಮೊದಲಲ್ಲಿ ಪ್ರತಿ ವರ್ಷ ಆ ದಿನ ತಲೆ ಬೋಳಿಸಿಕೊಂಡ ಹುಡುಗರ ಗುಂಪುಗಳು ಸ್ಟಾಕ್‌ಹೋಮ್, ಲುಂಡ್ ಊರುಗಳ ಬೀದಿಗಿಳಿಯುತ್ತಿದ್ದವು. ಹಿಟ್ಲರನನ್ನು ಪೂಜಿಸುವ ಜನ ಅವರು. ಸತ್ತ ರಾಜನ ಹೆಸರು ಹೇಳಿಕೊಂಡು, ವಲಸೆ ಬಂದವರನ್ನು ಓಡಿಸಿ ಅಂತ ಕೂಗುತ್ತಿದ್ದರು. ಎದುರು ಗುಂಪಿನವರೊಂದಿಗೆ ಬೀದಿ ಕಾಳಗ, ಪೊಲೀಸರು, ಕಲ್ಲು. ಇಂಥ ರಾಜನ ಹೆಸರಲ್ಲಿ ಆಲ್ಬಮ್ ಮಾಡಿದರೆ ಅದನ್ನು ಯಾರು ಎತ್ತಿಕೊಂಡು ಹೋಗ್ತಾರೆ ಅನ್ನುವ ಅಂಜಿಕೆ ಸುಳ್ಳಲ್ಲ.

ತಂಡದವರ ಉತ್ತರ ಏನು ಅಂದರೆ, ನಾವು ಕತೆ ಹೇಳುವವರು, ಪಕ್ಷ ಹಿಡಿಯುವವರಲ್ಲ ಅಂತ. ಜರ್ಮನ್ ಟ್ಯಾಂಕ್ ಪಡೆಯೊಂದರ ಮೇಲೆ ಅವರು ಹಾಡು ಮಾಡಿದ್ದಾರೆ, ಅದಕ್ಕೆ ಬೈಸಿಕೊಂಡೂ ಇದ್ದಾರೆ. ಹಾಗೇ ಯಹೂದಿಗಳ ನರಮೇಧದ ಮೇಲೂ 2010ರ ಆಲ್ಬಮಿನಲ್ಲಿ ಹಾಡಿದ್ದಾರೆ. ಈ ಉತ್ತರ ನನಗೆ ಅರ್ಧ ಒಪ್ಪಿಗೆ. ಕತೆ ಹೇಳುವವನು ಪಕ್ಷ ಹಿಡಿಯದೇ ಇರಬಹುದು, ಆದರೆ ಡ್ರಮ್ಮು ಪಕ್ಷ ಹಿಡಿಯುತ್ತೆ. ಅಂಥ ತಾಳ ಕೇಳಿದರೆ ಯಾರ ಕಾಲಾದರೂ ಕುಣಿಯುತ್ತೆ. ಆದ್ದರಿಂದ ಆ ಹೆಣ್ಣುಮಗಳ ಮಾತನ್ನು ನಾನು ತಳ್ಳಿಹಾಕಲಾರೆ. ನೀವೂ ತಳ್ಳಿಹಾಕಬೇಡಿ.

ಈಗ ನಾಲ್ಕನೇ ಗುಂಪು. ನಾನು ಇವತ್ತು ಇಲ್ಲಿ ನಿಂತಿರುವುದೇ ಇವರ ಮಾತಿಗಾಗಿ.

ಈ ಆಲ್ಬಮನ್ನು ತಂಡದವರು ಎರಡು ಸಲ ಹಾಡಿದರು. ಇಂಗ್ಲಿಷಿನಲ್ಲಿ ಒಂದು ಸಲ, ಸ್ವೀಡಿಷಿನಲ್ಲಿ ಒಂದು ಸಲ. ಅಲ್ಲಿಯವರೆಗೆ ಅವರು ಹಾಡಿದ್ದೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ. ಜಗತ್ತಿನ ಮಾರುಕಟ್ಟೆ ಬೇಕಲ್ಲ! ಆದರೆ ತಮ್ಮ ನೆಲದ ಕತೆ ಹೇಳುವ ಹೊತ್ತು ಬಂದಾಗ ಇಂಗ್ಲಿಷ್ ಒಂದೇ ಸಾಲದು ಅನ್ನಿಸಿತು. ಮೇಲಾಗಿ ಅದು ತಂಡ ಮುರಿದು ಬೀಳುವ ಹೊತ್ತು. ಆಲ್ಬಮ್ ಹೊರಬರುವ ಮುಂಚೆ ನಾಲ್ಕು ಜನ ತಂಡ ಬಿಟ್ಟರು. ಹಳಬರಲ್ಲಿ ಉಳಿದದ್ದು ಗಾಯಕ ಯೋಕಿಮ್ ಬ್ರೂಡೆನ್, ಬೇಸ್ ನುಡಿಸುವ ಪೆರ್ ಸುಂಡ್‌ಸ್ಟ್ರೋಮ್ ಇಬ್ಬರೇ. ಅಂಥ ಹೊತ್ತಿನಲ್ಲಿ ಬಂದ ಈ ಆಲ್ಬಮ್ ಸ್ವೀಡನ್ನಿನಲ್ಲಿ ಪ್ಲಾಟಿನಂ ಮಟ್ಟ ದಾಟಿತು.

ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಇಂಗ್ಲಿಷಿನದು. ಆಮೇಲೆ ಸ್ವೀಡಿಷಿನದು ಕೇಳಿ, ಮತ್ತೆ ಇಂಗ್ಲಿಷಿಗೆ ಹೋಗಲೇ ಇಲ್ಲ ಅಂದರು! ಸ್ವೀಡಿಷಿನ ಒಂದಕ್ಷರ ಬಾರದ, ಸ್ವೀಡನ್ ಭೂಪಟದಲ್ಲಿ ಎಲ್ಲಿದೆ ಅಂತ ಸರಿಯಾಗಿ ತೋರಿಸಲಾರದ ಹುಡುಗರು ಇವರು. ಇದು ಇವರೊಬ್ಬರ ಹುಚ್ಚಲ್ಲ. ಲೋಕದಲ್ಲೆಲ್ಲ ಈ ತಂಡದ ಅಭಿಮಾನಿಗಳಲ್ಲಿ ಇದೇ ಮಾತು ಸಾಮಾನ್ಯ. "ಯಾಕಪ್ಪಾ?" ಅಂತ ಕೇಳಿದೆ. "ಇಂಗ್ಲಿಷಿನಲ್ಲಿ ಹಾಡು ಹೇಳ್ತಾನೆ ಸಾರ್. ಸ್ವೀಡಿಷಿನಲ್ಲಿ ಹೊಟ್ಟೆಯೊಳಗಿಂದ ಬರುತ್ತೆ" ಅಂದ ಒಬ್ಬ. ಇನ್ನೊಬ್ಬ, "ಅರ್ಥ ಆಗಲ್ಲ, ಆದರೆ ನಂಬಿಕೆ ಬರುತ್ತೆ" ಅಂದ.

ಇದು ಬರೀ ದನಿಯ ವಿಷಯ ಅಲ್ಲ. ಅರ್ಥದಲ್ಲೂ ವ್ಯತ್ಯಾಸ ಇದೆ. ಮೂವತ್ತು ವರ್ಷದ ಯುದ್ಧದ ಮೇಲಿನ ಹಾಡು ತಗೊಳ್ಳಿ. ಇಂಗ್ಲಿಷಿನಲ್ಲಿ ಅದರ ಹೆಸರು 'ಎ ಲೈಫ್‌ಟೈಮ್ ಆಫ್ ವಾರ್', ಸ್ವೀಡಿಷಿನಲ್ಲಿ 'ಎನ್ ಲೀವ್ಸ್‌ಟೀಡ್ ಈ ಕ್ರೀಗ್'. ಎರಡಕ್ಕೂ ಅರ್ಥ ಒಂದೇ, ಯುದ್ಧದಲ್ಲೇ ಕಳೆದ ಒಂದು ಬಾಳು. ರಾಗವೂ ಒಂದೇ. ಆದರೆ ಇಂಗ್ಲಿಷಿನಲ್ಲಿ ದೂರದ ಗುಡ್ಡದ ಮೇಲೆ ನಿಂತು ಯೂರೋಪು ಹೊತ್ತಿ ಉರಿಯುವುದನ್ನು ನೋಡಿ, ಮನುಷ್ಯರಿಗೆ ಬುದ್ಧಿ ಕೆಟ್ಟಿತೇ ಅಂತ ಕೇಳುವ ದನಿ ಇದೆ. ಸ್ವೀಡಿಷಿನಲ್ಲಿ ಮಾತಾಡುವವನೇ ಬೇರೆ. ಅಲ್ಲಿ ಒಬ್ಬ ಸಿಪಾಯಿ "ನಾನು" ಅಂತ ಶುರುಮಾಡ್ತಾನೆ. ನಾನು ಸತ್ತ ಮೇಲೆ ನನ್ನನ್ನು ಹೇಗೆ ನೆನೆಯಬೇಕು ಅಂತ ತನ್ನವರನ್ನು ಕೇಳ್ತಾನೆ. ನೋಡಿ, ಪರಭಾಷೆಗೆ ಹೋದಾಗ ಇತಿಹಾಸದ ಪಾಠವಾದದ್ದು ಸ್ವಂತ ನುಡಿಯಲ್ಲಿ ಸಾಯುವವನ ಕೋರಿಕೆ ಆಗುತ್ತೆ. ತನ್ನವರ ಹತ್ತಿರ ಮಾತ್ರ ಮನುಷ್ಯ ಹಾಗೆ ಕೇಳಿಕೊಳ್ಳೋದು.

ಆ ಸಿಪಾಯಿ ಯಾರು? ಉತ್ತರ ಸ್ವೀಡನ್ನಿನಲ್ಲಿ ಬಿಗ್ಡಿಯೋ ಅನ್ನುವ ಒಂದು ಹಳ್ಳಿ ಸೀಮೆ ಇದೆ. ಅಲ್ಲಿನ ಚರ್ಚಿನ ಮತ್ತು ಸೇನೆಯ ಕಡತಗಳನ್ನು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1621ರಿಂದ 1639ರವರೆಗೆ ಆ ಒಂದು ಸೀಮೆಯಿಂದ 230 ಹುಡುಗರನ್ನು ಪೋಲೆಂಡು, ಜರ್ಮನಿಯ ಯುದ್ಧಕ್ಕೆ ಹಿಡಿದುಕೊಂಡು ಹೋದರು. ಅವರಲ್ಲಿ 215 ಜನ ಸತ್ತರು. ಮೂರನೇ ಗುಂಪಿನ ಆ ಹೆಣ್ಣುಮಗಳ ಪ್ರಶ್ನೆಗೆ ಈ ಲೆಕ್ಕವೇ ಉತ್ತರದ ಒಂದು ತುದಿ. ಸಾಮ್ರಾಜ್ಯ ಅನ್ನುವುದು ಪರದೇಶದವರನ್ನು ಮಾತ್ರ ಕೊಲ್ಲಲಿಲ್ಲ. ತನ್ನ ಹಳ್ಳಿಗಳನ್ನೂ ತಿಂದಿತು. ರಾಜನ ಹೆಸರು ಕಂಚಿನ ಪ್ರತಿಮೆಯಾಯಿತು, ಬಿಗ್ಡಿಯೋ ಹುಡುಗರ ಹೆಸರು ಕಡತದಲ್ಲಿ ಕೂತಿತು. ಆ ಕಡತದ ಹುಡುಗನಿಗೆ ಬಾಯಿ ಕೊಟ್ಟದ್ದು ಸ್ವೀಡಿಷ್ ಹಾಡು.

ಇನ್ನೊಂದು ತುದಿ ಆಲ್ಬಮಿನ ಕೊನೆಯ ಹಾಡಿನಲ್ಲಿದೆ. ಹೆಸರು 'ರುಯಿನಾ ಇಂಪೆರೀ', ಲ್ಯಾಟಿನ್ನಿನಲ್ಲಿ ಸಾಮ್ರಾಜ್ಯದ ಪತನ. ರಾಜ ಸತ್ತ ಸುದ್ದಿ ಬಂದಾಗ ಆರ್ಮ್‌ಫೆಲ್ಟ್ ಅನ್ನುವ ಸೇನಾಪತಿಯ ದಂಡು ನಾರ್ವೆಯ ಒಳಗಿತ್ತು. ಇನ್ನು ಯಾರಿಗಾಗಿ ಹೋರಾಡಬೇಕು? ದಂಡು ಬೆಟ್ಟ ಹತ್ತಿ ಮನೆ ಕಡೆ ಹೊರಟಿತು. 1719ರ ಹೊಸ ವರ್ಷದ ದಿನಗಳು. ಹಿಮದ ಬಿರುಗಾಳಿ. ಮೈಮೇಲೆ ಹರಿದ ಬಟ್ಟೆ. ಬೆಂಕಿ ಕಾಯಿಸಲು ಬಂದೂಕಿನ ಮರದ ಹಿಡಿಗಳನ್ನೇ ಸುಟ್ಟರು. ಸುಮಾರು 3000 ಜನ ಆ ಬೆಟ್ಟದಲ್ಲೇ ಹೆಪ್ಪುಗಟ್ಟಿ ಸತ್ತರು. ಯಾವ ಶತ್ರುವೂ ಅವರ ಮೇಲೆ ಗುಂಡು ಹಾರಿಸಲಿಲ್ಲ.

ಈಗ ಕೇಳಿ ಮುಖ್ಯ ಮಾತು. ಈ ಒಂದು ಹಾಡನ್ನು ತಂಡದವರು ಇಂಗ್ಲಿಷಿಗೆ ತರಲೇ ಇಲ್ಲ. ಇಂಗ್ಲಿಷ್ ಆಲ್ಬಮಿನಲ್ಲೂ ಇದು ಸ್ವೀಡಿಷಿನಲ್ಲೇ ಇದೆ. ಗೆಲುವಿನ ಹಾಡುಗಳನ್ನೆಲ್ಲ ಲೋಕಕ್ಕೆ ಲೋಕದ ಭಾಷೆಯಲ್ಲಿ ಕೊಟ್ಟರು. ಹೆಣ ಹೊತ್ತು ಮನೆಗೆ ಬರುವ ಹಾಡು ಮಾತ್ರ ಮನೆಮಾತಿನಲ್ಲೇ ಇರಲಿ ಅಂದರು. ನಾನು ಕೇಳಿದ ಕೇಳುಗರಲ್ಲಿ ಮೆಚ್ಚಿದವರು, ಮೂದಲಿಸಿದವರು, ಬೈದವರು ಎಲ್ಲರೂ ಒಂದಾದದ್ದು ಈ ಒಂದು ಹಾಡಿನ ಹತ್ತಿರ. ಆ ಇತಿಹಾಸ ಓದುವ ಹೆಣ್ಣುಮಗಳೂ, "ಇದೊಂದಕ್ಕೆ ನಾನು ಮುಷ್ಟಿ ಎತ್ತಲ್ಲ ಸಾರ್, ಸುಮ್ಮನೆ ಕೂತು ಕೇಳ್ತೀನಿ" ಅಂದಳು. ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಗೊತ್ತಿಲ್ಲ.

ಬೀದಿಗಿಳಿದ ಆ ಬೋಳುತಲೆಯವರು ಈ ಕತೆಯನ್ನು ಎಲ್ಲಿಗೆ ನಿಲ್ಲಿಸಿದ್ದರು? ರಾಜನ ಪ್ರತಿಮೆಯ ಹತ್ತಿರ. ಈ ಆಲ್ಬಮ್ ಅಲ್ಲಿ ನಿಲ್ಲಲಿಲ್ಲ. ಪ್ರತಿಮೆ ದಾಟಿ ಹಿಮದ ಬೆಟ್ಟದವರೆಗೂ ಹೋಯಿತು. ಅಭಿಮಾನಕ್ಕೂ ದ್ವೇಷಕ್ಕೂ ಇರುವ ಅಂತರ ಇಷ್ಟೇ ತಮ್ಮಂದಿರೇ. ದ್ವೇಷಕ್ಕೆ ಗೆಲುವಿನ ಪುಟ ಸಾಕು. ನಿಜವಾದ ಅಭಿಮಾನ ಸೋಲಿನ ಪುಟವನ್ನೂ, ತನ್ನವರು ಮಾಡಿದ ತಪ್ಪಿನ ಪುಟವನ್ನೂ ಓದುತ್ತೆ. ಇನ್ನೊಬ್ಬರನ್ನು ಬೈಯದೆ ತನ್ನದನ್ನು ಎತ್ತಿ ಹಾಡೋದು ಅದಕ್ಕೆ ಗೊತ್ತು.

ನಮಗೇನು ಇದರಿಂದ ಅಂತ ನೀವು ಕೇಳಬಹುದು. ಸ್ವೀಡಿಷ್ ಆಡುವವರು ಇಡೀ ಲೋಕದಲ್ಲಿ ಒಂದು ಕೋಟಿ ಚಿಲ್ಲರೆ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆ ಅಂತ ಬರೆಸಿದವರೇ ನಾಲ್ಕು ಕೋಟಿ ಮೂವತ್ತೇಳು ಲಕ್ಷ. ಒಂದು ಕೋಟಿ ಜನರ ಭಾಷೆಯಲ್ಲಿ ಹಾಡಿದರೆ ಬೆಂಗಳೂರಿನ ಹುಡುಗ ಅರ್ಥವಾಗದಿದ್ದರೂ ಕಿವಿಗೊಟ್ಟು ಕೇಳ್ತಾನೆ. ಅದೇ ಹುಡುಗ ತಾನು ಬ್ಯಾಂಡ್ ಕಟ್ಟಿದಾಗ, "ಕನ್ನಡದಲ್ಲಿ ಮೆಟಲ್ ಹೊಂದಲ್ಲ ಸಾರ್" ಅಂತಾನೆ! ಯಾಕಪ್ಪಾ ಹೊಂದಲ್ಲ? ಗಂಟಲು ಇಲ್ವಾ, ಗುಡುಗು ಇಲ್ವಾ, ಒತ್ತಕ್ಷರ ಇಲ್ವಾ?

ಕತೆ ಇಲ್ಲ ಅಂತ ಮಾತ್ರ ಹೇಳಬೇಡಿ. ಹತ್ತನೇ ತರಗತಿಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ಹಲಗಲಿ ಬೇಡರ ಲಾವಣಿ ಓದಿದ್ದೀರಿ, ಪರೀಕ್ಷೆಗೆ ಉರು ಹೊಡೆದು ಮರೆತಿದ್ದೀರಿ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಕಾನೂನು ಮಾಡಿದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಲಾವಣಿ ಕಟ್ಟಿದವನು ವೀರರನ್ನು ಹೊಗಳಿ ಸುಮ್ಮನಾಗಲಿಲ್ಲ. ದಂಡಿನವರು ಮನೆಮನೆ ಹೊಕ್ಕು ಏನೇನು ದೋಚಿದರು ಅಂತ ಕೊಡಲಿ, ಕಬ್ಬಿಣದಿಂದ ಹಿಡಿದು ಹಾಲು, ಮೊಸರು, ಬೆಣ್ಣೆವರೆಗೆ ಪಟ್ಟಿ ಕೊಟ್ಟ. ಗೆದ್ದವರ ಕಡತದಲ್ಲಿ ಬೆಣ್ಣೆಯ ಲೆಕ್ಕ ಯಾರು ಬರೀತಾರೆ? ಸೋತವರ ಹಾಡು ಮಾತ್ರ ಬರೆಯುತ್ತೆ. ಆ ಲಾವಣಿಯನ್ನು ಹುಡುಕಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿ ಅನ್ನುವುದನ್ನು ಕೇಳಿ ನಮಗೆ ಸ್ವಲ್ಪ ನಾಚಿಕೆಯಾದರೆ ತಪ್ಪಿಲ್ಲ.

ನಾನು ಯಾರಿಗೂ ಇಂಗ್ಲಿಷ್ ಹಾಡು ಬಿಡಿ ಅಂತ ಹೇಳೋಕೆ ಬಂದಿಲ್ಲ. ಮೇಡನ್ ಕೇಳಿ, ಸಬಾಟನ್ ಕೇಳಿ, ಚೆನ್ನಾಗಿ ಕೇಳಿ. ಕೇಳಿ ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ. ನನ್ನ ಊರಿನಲ್ಲಿ ಹೆಸರಿಲ್ಲದೆ ಸತ್ತವನು ಯಾರು, ಅವನ ಬಾಯಿಂದ "ನಾನು" ಅಂತ ಹೇಳಿಸೋಕೆ ನನಗೆ ಯಾವ ಭಾಷೆ ಬೇಕು?

ಮಾತು ಉದ್ದವಾಯಿತು. ಯಾರೋ ಸ್ಪೀಕರ್ ತಂದಿದ್ದೀರಿ ಅಂತ ಕೇಳಿದೆ. ಆ ಕೊನೆಯ ಹಾಡು ಹಾಕಿ. ಸ್ವೀಡಿಷ್ ಬರಲ್ಲ ಅನ್ನುವ ಚಿಂತೆ ಬೇಡ, ಬೆಟ್ಟ ಇಳಿಯುವವರ ಹೆಜ್ಜೆ ಸದ್ದಿಗೆ ಕಿವಿಗೊಡಿ ಸಾಕು.